ಶಾಂತಲಾ ಮೇಡಂ ಅವರ ಮುಕ್ಕಾಲಿ

ನಿಂತಿರುವ ಯಾವ ವಸ್ತುವನ್ನು ಕಂಡರೂ ಶಾಂತಲಾ ಮೇಡಂ ಅದನ್ನು ತೋರುಬೆರಳಿನಿಂದ ಒಮ್ಮೆ ತಳ್ಳಿ ನೋಡುತ್ತಾರೆ. ಟೀ ಅಂಗಡಿಯ ಮೇಜು, ಬಸ್‌ಸ್ಟ್ಯಾಂಡಿನ ಬೋರ್ಡು, ಸಭೆಯ ಮೈಕು, ಯಾವುದಕ್ಕೂ ವಿನಾಯಿತಿಯಿಲ್ಲ. ಒಂದು ಗಣರಾಜ್ಯೋತ್ಸವದ ಬೆಳಿಗ್ಗೆ ಧ್ವಜದ ಕಂಬವನ್ನು ಹೀಗೆಯೇ ತಳ್ಳಿ, ಅದು ತೂಗಿದ್ದನ್ನು ಕಂಡು, ಅತಿಥಿಗಳನ್ನೆಲ್ಲ ಬಿಸಿಲಿನಲ್ಲಿ ನಿಲ್ಲಿಸಿ, ಬುಡಕ್ಕೆ ಕಲ್ಲು ಬಡಿಸಿದ ಮೇಲೆಯೇ ಹಗ್ಗ ಮುಟ್ಟಲು ಬಿಟ್ಟರಂತೆ.

ಹಂಪಾಪುರ ಹೋಬಳಿಯ ಒಂದು ಹಳ್ಳಿಯ ಗ್ರಂಥಾಲಯವನ್ನು ಅವರು ಇಪ್ಪತ್ತು ವರ್ಷಗಳಿಂದ ನೋಡಿಕೊಂಡು ಬಂದಿದ್ದಾರೆ. ಪುಸ್ತಕದ ಚೀಲ ಹೊತ್ತು ಹೊತ್ತು ಎಡ ಹೆಗಲು ಕೊಂಚ ಇಳಿದಿದೆ; ಆದರೂ ನಡಿಗೆಯ ಬಿರುಸಿಗೆ ಜೊತೆಯವರು ಓಡಬೇಕು. ಬೈಲಕುಪ್ಪೆಯಲ್ಲಿ ಕೊಂಡ ಕಂದು ಸ್ವೆಟರನ್ನು ಏಪ್ರಿಲ್ ತಿಂಗಳಲ್ಲೂ ಬಿಚ್ಚುವುದಿಲ್ಲ. ಅದರ ಎರಡು ಜೇಬುಗಳಲ್ಲಿ ಹತ್ತಿ, ಸ್ಕ್ರೂಡ್ರೈವರ್ ಮತ್ತು ದುರ್ಬೀನಿನ ಮುಚ್ಚಳ ಇರುತ್ತವೆ. ಸಿಟ್ಟು ಬಂದಾಗ ಅವರ ದನಿ ಏರುವ ಬದಲು ಇಳಿಯುತ್ತದೆ, ಮತ್ತು ಎದುರಿಗಿರುವವರು ಐದು ವರ್ಷದ ಮಗುವಾದರೂ ‘ತಾವು’ ಆಗಿಬಿಡುತ್ತಾರೆ. ಆ ಮರ್ಯಾದೆಗೆ ಊರೇ ಹೆದರುತ್ತದೆ.

ದುರ್ಬೀನನ್ನು ಗ್ರಂಥಾಲಯಕ್ಕೆ ಕೊಟ್ಟವರು ಗುತ್ತಿಗೆದಾರ ನಟರಾಜು. ದುರ್ಬೀನು ಎರಡು ಮೊಳದುದ್ದ, ಮೂರು ಕೆಜಿ ತೂಕ; ಮಗುವಿನಂತೆ ಬಗಲಲ್ಲಿ ಎತ್ತಿಕೊಳ್ಳಬಹುದು. ಆದರೆ ಅದನ್ನು ಕೂರಿಸುವ ಸ್ಟ್ಯಾಂಡು ಕಬ್ಬಿಣದ್ದು, ಇಬ್ಬರು ಗಂಡಾಳುಗಳಿಲ್ಲದೆ ಕದಲುವಂಥದ್ದಲ್ಲ.

“ನೋಡೋರ್ ಕಣ್ಗೆ ಘನವಾಗಿ ಕಾಣ್ಬೇಕಲ್ವಾ ಮೇಡಂ?” ಎಂದರು ನಟರಾಜು.

“ಕಾಣ್ಬೇಕಾಗಿರೋದು ಚಂದ್ರ ಕಣ್ರೀ, ಸ್ಟ್ಯಾಂಡಲ್ಲ.”

ಮೇಡಂ ಅವರಿಗಿದ್ದದ್ದು ಒಂದೇ ಆಸೆ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಬಸ್ಸಿಳಿದು ಮತ್ತೆ ಮೂರು ನಾಲ್ಕು ಮೈಲಿ ನಡೆಯಬೇಕಾದ ಹಳ್ಳಿಗಳ ಮಕ್ಕಳೂ ಒಮ್ಮೆ ಚಂದ್ರನನ್ನು ಹತ್ತಿರದಿಂದ ನೋಡಬೇಕು. ಮೊದಲ ದಿನವೇ ಬಸ್ಸಿನ ಕಂಡಕ್ಟರು ಆ ಕಬ್ಬಿಣವನ್ನು ನೋಡಿ, “ಇದುನ್ನ ಅತ್ತುಸ್ಬೇಕಾದ್ರೆ ಲಾರಿ ಮಾಡ್ಕಳಿ ಮೇಡಮ್ಮೋರೇ,” ಎಂದು ಸೀಟಿ ಊದಿಬಿಟ್ಟ. ದುರ್ಬೀನು ಗ್ರಂಥಾಲಯದ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿತು.

ಆಯುಧಪೂಜೆಯ ದಿನ ಕಸ ಗುಡಿಸುವ ಮರಮ್ಮ ಅದಕ್ಕೆ ಹೂವು ಮುಡಿಸಿ, ಕಾಲಿಗೆ ನಿಂಬೆಹಣ್ಣು ಕಟ್ಟಿ, ಮುಂಭಾಗದ ಗಾಜಿನ ನಟ್ಟನಡುವೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದಳು. ಮೇಡಂ ದನಿ ನೆಲಕ್ಕಿಳಿಯಿತು. “ಮರಮ್ಮನವರೇ, ತಾವು ಅದರ ಕಣ್ಣಿಗೇ ಕುಂಕುಮ ಇಟ್ಟಿದ್ದೀರಿ.”

“ಅದುಕ್ಕೆ ಅಣೆ ಎಲ್ಲೈತೆ ಅಂತ ನಂಗೊತ್ತಾಗ್ನಿಲ್ಲ ಕಣವ್ವಾ!”

ಗಾಜು ಒರೆಸಲು ಎರಡು ಗಂಟೆ ಹಿಡಿಯಿತು. ಒರೆಸುತ್ತ ಒರೆಸುತ್ತ ಅವರ ಸಿಟ್ಟು ಮರಮ್ಮನನ್ನು ಬಿಟ್ಟು ಕಬ್ಬಿಣದ ಮೇಲೆ ಹೋಯಿತು. ವರ್ಷವಿಡೀ ಕದಲದೆ ಕುಳಿತದ್ದಕ್ಕೆ ಜನ ಪೂಜೆ ಮಾಡದೆ ಇನ್ನೇನು ಮಾಡುತ್ತಾರೆ?

ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಚೇತನ್‌ಕುಮಾರ್ ತನ್ನ ಕ್ಯಾಮೆರಾದ ಅಲ್ಯೂಮಿನಿಯಂ ಸ್ಟ್ಯಾಂಡು ಕೊಟ್ಟ. ಅದು ಎಷ್ಟು ಹಗುರವೆಂದರೆ ಕಿರುಬೆರಳಿಗೆ ನೇತುಹಾಕಬಹುದು. ಮೇಡಂ ಬೆರಳಿನಿಂದ ತಳ್ಳಿ ಮುಖ ಕಿವಿಚಿದರೂ, ಇರಲಿ ಎಂದು ಒಂದು ಸಂಜೆ ಶಾಲೆಯ ಅಂಗಳಕ್ಕೆ ಒಯ್ದರು. ಕಣ್ಣಿಟ್ಟ ಮೊದಲ ಹುಡುಗ ಕೂಗಿದ: “ಮಿಸ್, ಚಂದ್ರಂಗೆ ಚಳಿಜ್ವರ ಬಂದೈತೆ!” ಮಕ್ಕಳೆಲ್ಲ ನಕ್ಕರು. ಮೇಡಂ ನಗಲಿಲ್ಲ. ಭಾರವಾದದ್ದು ಊರು ದಾಟುವುದಿಲ್ಲ, ಹಗುರವಾದದ್ದು ಉಸಿರಿಗೇ ನಡುಗುತ್ತದೆ ಎಂಬ ಈ ಅನ್ಯಾಯ ಅವರನ್ನು ವಾರಗಟ್ಟಲೆ ಕಾಡಿತು.

ಕೊನೆಗೆ ಸ್ವಂತ ದುಡ್ಡಿನಿಂದ ಮೇಜಿನ ಮೇಲಿಡುವ ಪುಟ್ಟ ಮರದ ಸ್ಟ್ಯಾಂಡೊಂದನ್ನು ತರಿಸಿದರು. ಕೈಚೀಲದಲ್ಲಿ ಹಿಡಿಯುತ್ತದೆ, ಕಲ್ಲಿನಂತೆ ಕೂರುತ್ತದೆ. ಕೆಳಗೊಂದು ಗಟ್ಟಿಯಾದ ಎತ್ತರ ಬೇಕು, ಅಷ್ಟೆ. ಊರೂರಿಗೂ ಅರಳಿಕಟ್ಟೆ ಇದ್ದೇ ಇದೆ, ಅದಕ್ಕಿಂತ ಗಟ್ಟಿ ಮೇಜು ಯಾವುದು ಎಂದು ಅವರು ಲೆಕ್ಕ ಹಾಕಿದರು. ಎಲ್ಲವನ್ನೂ ತಳ್ಳಿ ನೋಡುವ ಮೇಡಂ ಕಟ್ಟೆಯೊಂದನ್ನು ಮಾತ್ರ ತಳ್ಳಿ ನೋಡಿರಲಿಲ್ಲ.

ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯ ಕೇರಿಯಲ್ಲಿ ಅನು ಎಂಬ ಏಳನೇ ತರಗತಿಯ ಹುಡುಗಿ ಇದ್ದಾಳೆ. ನಮ್ಮೂರಿಗೂ ದುರ್ಬೀನು ತನ್ನಿ ಮಿಸ್ ಎಂದು ಪೋಸ್ಟ್‌ಕಾರ್ಡಿನಲ್ಲಿ ಬರೆದವಳು ಅವಳು. ಮೇಡಂ ಹೋದರು. ಕಟ್ಟೆಯ ಮೇಲೆ ದುರ್ಬೀನು ಕೂರಿಸಿ, ಬೆರಳಿನಿಂದ ತಳ್ಳಿ, ತೃಪ್ತಿಯಿಂದ “ಬಾ ಅನು” ಎಂದರು. ಅನು ಕದಲಲಿಲ್ಲ. ಕಟ್ಟೆಯ ಮೇಲಿದ್ದ ಯಜಮಾನ ದೇವರಾಜು ನಗುನಗುತ್ತಲೇ ಹೇಳಿದರು:

“ದುರ್ಬೀನು ಮಡಗಿ ಮೇಡಮ್ಮೋರೇ, ಬ್ಯಾಡ ಅನ್ನಕಿಲ್ಲ. ಆದ್ರೆ ಕೇರಿ ಮಕ್ಳು ಕಟ್ಟೆ ಅತ್ತದು ಬ್ಯಾಡ. ಅವ್ರು ಕೆಳುಗ್ನಿಂದ್ಲೇ ನೋಡ್ಲಿ ಬುಡಿ.”

ಕೆಳಗಿನಿಂದ ಆ ಗಾಜಿಗೆ ಯಾವ ಮಗುವಿನ ಕಣ್ಣೂ ಎಟುಕುವುದಿಲ್ಲ. ಅನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, “ಪರ್ವಾಗಿಲ್ಲ ಮಿಸ್, ಬರೀ ಕಣ್ಣಲ್ಲೇ ಚೆನ್ನಾಗಿ ಕಾಣ್ತೈತೆ,” ಎಂದಳು.

ಆ ‘ಪರ್ವಾಗಿಲ್ಲ’ವನ್ನು ಮೇಡಂ ಇಂದಿಗೂ ಮರೆತಿಲ್ಲ. ಅವರು ಮುಚ್ಚಳ ಹಾಕಿ, ತಿರುಪು ಬಿಚ್ಚಿ, ಎಲ್ಲವನ್ನೂ ಚೀಲಕ್ಕೆ ಸೇರಿಸಿ, ಕೇಳಿಯೂ ಕೇಳಿಸದ ದನಿಯಲ್ಲಿ, “ತಾವು ದೊಡ್ಡವರು. ಹಾಗಾದ್ರೆ ಇವತ್ತು ಯಾರೂ ನೋಡೋದು ಬೇಡ,” ಎಂದು ಹೇಳಿ ಹೊರಟುಬಿಟ್ಟರು.

ಹುಣಸೂರಿನ ಬಳಿಯ ಅವರ ತವರಿನಲ್ಲಿ ಹೊಗೆಸೊಪ್ಪನ್ನು ಬಿಸಿಗೆ ಒಣಗಿಸುವ ಬ್ಯಾರನ್ ಮನೆ ಇದೆ. ಸೊಪ್ಪು ಕಟ್ಟಿ ತೂಗುಹಾಕುವ ಕಡ್ಡಿಗಳು ವರ್ಷವರ್ಷವೂ ಆ ಬಿಸಿಯಲ್ಲಿ ಬೆಂದು, ತೇವವೆಲ್ಲ ಆರಿ, ಇನ್ನು ಸೊಟ್ಟಗಾಗಲು ಏನೂ ಉಳಿಯದಷ್ಟು ನೇರವಾಗಿರುತ್ತವೆ. ಚಿಕ್ಕಂದಿನಲ್ಲಿ ಸೊಪ್ಪು ಕಟ್ಟಿದ ಕೈಗೆ ಅದು ಗೊತ್ತಿತ್ತು. ಅಂಥ ಆರು ಕಡ್ಡಿಗಳನ್ನು ಆರಿಸಿ, ಕಾಲಿಗೆರಡರಂತೆ ಜೋಡಿಸಿ, ಬಡಗಿ ಮಾದೇಶನಿಂದ ಒಂದು ಮುಕ್ಕಾಲಿ ಮಾಡಿಸಿದರು.

“ಇಷ್ಟ್ ಅಗೂರ ಇದ್ರೆ ಗಾಳಿಗೆ ಆರೋಯ್ತದೆ ಕಣವ್ವ,” ಎಂದ ಮಾದೇಶ.

“ಭಾರ ನಾನ್ಯಾಕ್ ಹೊರ್ಲಿ ಮಾದೇಶ? ಕಲ್ಲು ಎಲ್ಲಾ ಊರಲ್ಲೂ ಬಿದ್ದವೆ.”

ಮೂರು ಕಾಲುಗಳ ನಡುವೆ ಒಂದು ಗೋಣಿಚೀಲ ಇಳಿಬಿಟ್ಟರು. ಚೀಲ ಬಸ್ಸಿನಲ್ಲಿ ಖಾಲಿ, ಊರು ತಲುಪಿದ ಮೇಲೆ ಭರ್ತಿ.

ಮುಂದಿನ ತಿಂಗಳ ಸಪ್ತಮಿಯ ಸಂಜೆ, ಅದೇ ಊರಿನ ಅದೇ ಕಟ್ಟೆಗೆ ನಾಲ್ಕು ಹೆಜ್ಜೆ ದೂರದಲ್ಲಿ, ಎಲ್ಲರೂ ನಡೆಯುವ ರಸ್ತೆಯ ಬದಿಯಲ್ಲಿ ಮೇಡಂ ಮುಕ್ಕಾಲಿ ಊರಿದರು. ಕೇರಿಯ ಮಕ್ಕಳು ಕಲ್ಲು ತಂದು ಚೀಲಕ್ಕೆ ತುಂಬಿದರು. ಮೇಡಂ ಬೆರಳು ಚಾಚಿ ತಳ್ಳಿದರು, ಅಲುಗಲಿಲ್ಲ. ಮೊದಲು ಅನು ನೋಡಿದಳು. ಕಣ್ಣು ಕೀಳದೆಯೇ, “ಮಿಸ್, ನಮ್ ಕೇರಿ ರಸ್ತೆ ಇದ್ದಂಗೇ ಐತೆ. ಬರೀ ಗುಂಡಿ,” ಎಂದಳು.

ಸಾಲು ಬೆಳೆಯಿತು. ಕಟ್ಟೆಯಲ್ಲಿ ಕುಳಿತಿದ್ದ ದೇವರಾಜು ಕೊನೆಗೆ ಕೇಳಿದರು: “ನಾವೂ ಒಂದ್ಸತಿ ನೋಡ್ಬೋದಾ? ಇಲ್ಲಿಗೆ ತತ್ತೀರಾ?”

“ಇದು ಕಟ್ಟೆ ಹತ್ತಲ್ಲ. ತಾವು ಇಳಿದು ಬನ್ನಿ. ಸಾಲು ಅಲ್ಲಿದೆ.”

ದೇವರಾಜು ಚಪ್ಪಲಿ ಮೆಟ್ಟಿದರು, ಸಾಲನ್ನು ನೋಡಿದರು, ಮತ್ತೆ ಚಪ್ಪಲಿ ಬಿಟ್ಟು ಕುಳಿತರು. ಅವರ ಮೊಮ್ಮಗ ಮಾತ್ರ ದುಡುಮ್ಮನೆ ಹಾರಿ ಬಂದು ಸಾಲಿನ ಕೊನೆಗೆ ನಿಂತ. ಅಷ್ಟಾದರೂ ಮೇಡಂ ಮುಖ ಸಡಿಲವಾಗಲಿಲ್ಲ. ಒಬ್ಬ ಮೊಮ್ಮಗ ಇಳಿದ ಮಾತ್ರಕ್ಕೆ ಕರಗುವ ಸಿಟ್ಟು ಅದಲ್ಲ.

ಸಿಟ್ಟಿನವರನ್ನು ಯಾವ ಊರೂ ಹತ್ತಿರ ಕೂರಿಸಿಕೊಳ್ಳುವುದಿಲ್ಲ. ಸಿಟ್ಟು ಬಂದಾಗ ಕೂಗಾಡಿ ಮನೆಗೆ ಹೋಗಿ ಉಂಡು ಮಲಗುವವರು ನಮ್ಮಲ್ಲಿ ಬೇಕಾದಷ್ಟು ಜನ. ಆ ಸಿಟ್ಟನ್ನು ಮನೆಗೆ ಹೊತ್ತೊಯ್ದು, ಅಳೆದು, ಕೊರೆದು, ತಿರುಪು ಬಿಗಿದು, ಬಗಲಲ್ಲಿಟ್ಟುಕೊಂಡು ಅದೇ ಊರಿನ ಬಸ್ಸನ್ನು ಮತ್ತೆ ಹತ್ತುವವರು ವಿರಳ. ಅಂಥವರು ಬೆರಳು ಚಾಚಿಕೊಂಡು ಬಂದಾಗ, ನಾವು ಕುಳಿತಿರುವುದು ಯಾವುದರ ಮೇಲೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.