ಸೂಜಿಹಕ್ಕಿಯ ಲೆಕ್ಕ

ಹಕ್ಕಿ ಕೂಗುತ್ತಿದ್ದದ್ದು ಅವರ ತಲೆಯ ಮೇಲೇ. ಮೇಷ್ಟ್ರು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನಿಂತಿದ್ದರು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಕಾಡುಪಾರಿವಾಳ ಎರಡು, ಮರಕುಟಿಗ ಒಂದು ಎಂದು ಅವರು ಮೆಲ್ಲಗೆ ಹೇಳುತ್ತ ಹೋದರು, ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಅವಳು ಬರೆದುಕೊಳ್ಳುತ್ತ ಹೋದಳು. ಕೊನೆಗೆ ಕಣ್ಣು ತೆರೆದು, "ಸೂಜಿಹಕ್ಕಿ ಇವತ್ತೂ ಇಲ್ಲ ತಾಯಿ," ಎಂದರು. ಅಷ್ಟರಲ್ಲಿ ಅದು ಕೊಂಬೆ ಬದಲಿಸಿ ಇನ್ನೊಮ್ಮೆ ಕೂಗಿತು. ಅವಳು ಸೊನ್ನೆ ಬರೆದಳು. ಅವಳು ಪುಸ್ತಕವನ್ನು ಎದೆಗೆ ಅವುಚಿಕೊಂಡದ್ದನ್ನು ಕಂಡು, ಚಳಿಯಿರಬೇಕೆಂದು ಅವರು ತಮ್ಮ ಮಫ್ಲರ್ ಬಿಚ್ಚಿ ಕೊಟ್ಟರು.

ಹಿಂದಿನ ದಿನದವರೆಗೆ ಅದು ಹಕ್ಕಿಯ ದನಿ ಎಂದೇ ಅವಳಿಗೆ ಗೊತ್ತಿರಲಿಲ್ಲ.

ಪಿಎಚ್.ಡಿ.ಗೆ ಸೇರಿದ ಹೊಸತರಲ್ಲಿ ಎಲ್ಲರೂ ಗೈಡ್ ಹುಡುಕಿಕೊಂಡು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಿತ್ತು. ಗೈಡ್ ಆರಿಸುವುದು ಮದುವೆ ಇದ್ದ ಹಾಗೆ, ಮುನಿಸಿಕೊಂಡು ತವರಿಗೆ ಹೋಗುವ ಅನುಕೂಲ ಮಾತ್ರ ಇಲ್ಲ ಎಂದು ಸೀನಿಯರುಗಳು ಹೆದರಿಸಿದ್ದರು. ಒಬ್ಬರು ಅವಳೊಡನೆ ಮಾತಾಡುತ್ತಲೇ ಫೋನು ನೋಡುತ್ತಿದ್ದರು. ಇನ್ನೊಬ್ಬರು ಅವಳ ಅಂಕ ಕೇಳಿ, ಅವಳ ಹೆಸರು ಕೇಳಲು ಮರೆತರು. ನಿವೃತ್ತಿಗೆ ಹತ್ತಿರವಾಗಿದ್ದ ಮೇಷ್ಟ್ರು ಮಾತ್ರ ಅವಳನ್ನು ಕಟ್ಟಡದ ಹಿಂದಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋಗಿ, ಕಣ್ಣು ಮುಚ್ಚಿಕೊಂಡು ಎಷ್ಟು ಹಕ್ಕಿ ಕೇಳಿಸುತ್ತವೆ ಹೇಳು ಎಂದಿದ್ದರು. ಅವಳು ನಾಲ್ಕು ಎಂದಳು. ಅವರು ಏಳು ಎಂದು, ಒಂದೊಂದರ ಕಡೆಗೂ ಅವಳ ಕೈಹಿಡಿದು ಬೆರಳು ತೋರಿಸಿದರು. ಕಣ್ಣು ಬಿಟ್ಟಾಗ ಅವಳಿಗೆ ಅಳು ಬರುವಷ್ಟು ಸಂತೋಷವಾಗಿತ್ತು. ಹೋಗಿ ಹೋಗಿ ಹಾಳುಬಾವಿಗೇ ಬಿದ್ದೆಯಲ್ಲೇ ಎಂದು ಹಾಸ್ಟೆಲ್ಲಿನ ಗೆಳತಿ ಬೈದದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಮೇಷ್ಟ್ರ ಪದ್ಧತಿ ಒಂದೇ. ಊರಾಚೆಯ ಕಾಡಿನಲ್ಲಿ ಗುರುತು ಮಾಡಿದ ಜಾಗಗಳಲ್ಲಿ, ಹೊತ್ತು ಮೂಡುವ ಮೊದಲು ನಿಂತು, ಕೇಳಿದ ದನಿಗಳನ್ನು ಎಣಿಸುವುದು. ಕೇಳುವವರು ಅವರೊಬ್ಬರೇ, ವಿದ್ಯಾರ್ಥಿ ಬರೆಯಬೇಕು. ಕಿವಿ ಎರಡಾದರೆ ಲೆಕ್ಕ ಕೆಡುತ್ತದೆ. ಅಂದಿನ ಕಾಡನ್ನೂ ಇಂದಿನ ಕಾಡನ್ನೂ ಹೋಲಿಸಬೇಕಾದರೆ ಅಳೆಯುವ ಕೋಲು ಒಂದೇ ಇರಬೇಕು ಎನ್ನುತ್ತಿದ್ದರು. ಯೌವನದಿಂದ ಹಾಗೆ ಎಣಿಸಿಕೊಂಡು ಬಂದ ಲೆಕ್ಕಕ್ಕೆ ದೂರದೂರದವರೂ ತಲೆಬಾಗಿದ್ದರು. ಆ ಲೆಕ್ಕದಲ್ಲೇ ಸೂಜಿಹಕ್ಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತ, ಅವಳು ಸೇರುವ ಹೊತ್ತಿಗೆ ಪೂರ್ತಿ ಇಲ್ಲವಾಗಿತ್ತು. ಅದು ಈ ಕಾಡು ಬಿಟ್ಟು ಹೋದದ್ದೇಕೆ ಎಂಬುದೇ ಅವಳ ಸಂಶೋಧನೆ. ಮರ, ಹುಳು, ಹೊಗೆ, ರಸ್ತೆ ಎಲ್ಲವನ್ನೂ ಜಾಲಾಡಿದ್ದಳು. ಕಾರಣ ಕೈಗೆ ಸಿಕ್ಕಿರಲಿಲ್ಲ, ಹೇಗೆ ಸಿಕ್ಕೀತು? ಮೇಷ್ಟ್ರಂತೂ ಪಾಠದ ನಡುವೆ ಆ ಹಕ್ಕಿಯ ಮಾತು ಬಂದರೆ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು.

ಮೊದಲ ವರ್ಷ ಒಂದು ಬೆಳಗ್ಗೆ ಅವಳು, ಮೇಲೆ ತೆಳ್ಳಗೆ ಚುಚ್ಚಿದ ಹಾಗೆ ಕೇಳಿಸುತ್ತದಲ್ಲ, ಅದೇನು ಎಂದು ಕೇಳಿದ್ದಳು. ಮೇಷ್ಟ್ರು ಒಂದು ಗಳಿಗೆ ಕಿವಿಗೊಟ್ಟು, ಯಾವುದೋ ಹುಳ ಇರಬೇಕು ಬಿಡು ಎಂದಿದ್ದರು. ಗುರುಗಳ ಮಾತು, ಹುಳವೆಂದರೆ ಹುಳ.

ಅವಳ ಕೊನೆಯ ಅಧ್ಯಾಯಕ್ಕೆಂದು ವಿಭಾಗದ ಇನ್ನೊಬ್ಬ ಪ್ರೊಫೆಸರ್, ಎಲ್ಲರೂ ಯಂತ್ರದ ಮೇಡಂ ಎಂದು ಕರೆಯುವವರು, ಮರಗಳಿಗೆ ರೆಕಾರ್ಡರ್ ಕಟ್ಟಿಸಿದ್ದರು. ಹಿಂದಿನ ದಿನ ಮಧ್ಯಾಹ್ನ ದನಿಗಳನ್ನು ಗೆರೆಗಳಾಗಿ ತೋರಿಸುವ ಅವರ ಕಂಪ್ಯೂಟರಿನ ಪರದೆಯ ಮೇಲಂಚಿನಲ್ಲಿ ಉಗುರಿನಿಂದ ಗೀರಿದಂಥ ಗೆರೆಗಳು ಸಾಲುಸಾಲಾಗಿ ಕಂಡವು. ಮೇಡಂ ಅವಳೆಂದೂ ಕೇಳಿರದ ಹಳೆಯದೊಂದು ರೆಕಾರ್ಡಿಂಗ್ ಹುಡುಕಿ ಪಕ್ಕದಲ್ಲಿಟ್ಟರು. ಮೇಷ್ಟ್ರೇ ಯೌವನದಲ್ಲಿ ಮಾಡಿದ್ದು, ಸೂಜಿಹಕ್ಕಿಯದು. ಗೆರೆಗೆ ಗೆರೆ ಹೊಂದಿತು.

"ವಯಸ್ಸಾದ ಹಾಗೆ ಕಿವಿಯಿಂದ ಇಂಥ ಚೂಪು ದನಿಗಳೇ ಮೊದಲು ಹೋಗೋದು ಕಣಮ್ಮ," ಎಂದರು ಮೇಡಂ. "ಹೋಗಿದ್ದು ಅವರಿಗೂ ಗೊತ್ತಾಗಲ್ಲ."

ಆಮೇಲೆ ಹೇಳಬೇಕಾದ್ದನ್ನು ಹೇಳಿದರು. ಮೇಷ್ಟ್ರ ಈಚಿನ ಲೆಕ್ಕವನ್ನು ಬಿಟ್ಟು ತನ್ನ ಬಳಿಗೆ ಬಂದರೆ ಡಿಗ್ರಿ ಉಳಿಯುತ್ತದೆ, ಇಲ್ಲವಾದರೆ ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಮೇಷ್ಟ್ರಿಗೆ ಬೇಕಾದರೆ ತಾನೇ ತಿಳಿಸುತ್ತೇನೆ, ಪರೀಕ್ಷಾ ಸಮಿತಿಯ ಎದುರು ಬಯಲಾಗುವುದಕ್ಕಿಂತ ಮೊದಲೇ ಗೊತ್ತಾಗಲಿ. ಮೇಡಂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ನಾನೇ ಹೇಳುತ್ತೇನೆ ಎಂದು ಎದ್ದು ಬಂದಿದ್ದಳು. ಮರುದಿನ ಬೆಳಗ್ಗೆ ಕಾಡಿನಲ್ಲಿ ಹೇಳಬೇಕೆಂದಿದ್ದದ್ದು ಮಫ್ಲರಿನೊಳಗೆ ಮುಚ್ಚಿಹೋಯಿತು.

ಸಂಜೆ ರೆಕಾರ್ಡರನ್ನೂ ಹೆಡ್‌ಫೋನನ್ನೂ ಹಿಡಿದು ಅವರ ಮನೆಗೆ ಹೋದಳು. ಬಾಗಿಲ ಗಂಟೆ ಢಣ್ಣೆಂದು ಗೋಡೆ ನಡುಗುವಂತೆ ಹೊಡೆದುಕೊಂಡಿತು. ಬಾಗಿಲು ತೆಗೆದ ಮೇಷ್ಟ್ರ ಹೆಂಡತಿ ಅವಳ ಕೈಯಲ್ಲಿದ್ದುದನ್ನು ನೋಡಿದರು, ಮುಖ ನೋಡಿದರು.

"ಮೊದಲಿನ ಗಂಟೆ ಅವರಿಗೆ ಕೇಳ್ತಿರ್ಲಿಲ್ಲ. ಕೆಟ್ಟುಹೋಗಿದೆ ಅಂತ ಸುಳ್ಳು ಹೇಳಿ ಇದನ್ನ ಹಾಕಿಸಿದೆ," ಎಂದರು. "ನಾನೇ ಹೇಳ್ಬೇಕಿತ್ತಮ್ಮ. ಬಾಯೇ ಬರ್ಲಿಲ್ಲ."

ಮೇಷ್ಟ್ರು ಊಟದ ಮೇಜಿನ ಮೇಲೆ ಅವಳದೇ ಅಧ್ಯಾಯವನ್ನು ಹರಡಿಕೊಂಡು ತಿದ್ದುತ್ತಿದ್ದರು. ಅವಳು ನಿಂತೇ ಹೇಳಿದಳು.

"ಸರ್, ಸೂಜಿಹಕ್ಕಿ ಇದೆ."

ಎಲ್ಲದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದವಳು ಅವರಿಗೆ ಸಂತೋಷವಾಗಬಹುದೆಂದು ಮಾತ್ರ ಎಣಿಸಿರಲಿಲ್ಲ. ಅವರು ಪೆನ್ನು ಎಸೆದು ಎದ್ದೇಬಿಟ್ಟರು. ಯಾವ ಜಾಗದಲ್ಲಿ, ಒಂಟಿಯೋ ಜೋಡಿಯೋ ಎಂದು ಮೇಲಿಂದ ಮೇಲೆ ಕೇಳಿದರು. ಎಲ್ಲ ಜಾಗದಲ್ಲೂ ಎಂದಾಗ ಹೆಂಡತಿಯನ್ನು ಕೂಗಿ ಕರೆದರು. ಹೆಡ್‌ಫೋನನ್ನು ತಾವೇ ಕಿತ್ತುಕೊಂಡು ಹಾಕಿಕೊಂಡರು.

"ಹಾಕು, ಹಾಕು."

"ಹಾಕಿದೀನಿ ಸರ್."

"ಸೌಂಡು ಜಾಸ್ತಿ ಮಾಡು."

ಮಾಡಿದಳು. ಇನ್ನೂ ಮಾಡು ಎಂದರು. ಹಕ್ಕಿಯ ಕೂಗು ಹೆಡ್‌ಫೋನಿನಿಂದಾಚೆಗೂ ಸೋರಿ ಅವಳಿಗೆ ಕೇಳಿಸತೊಡಗಿತು. ಮೇಷ್ಟ್ರು ಇನ್ನೂ ನಗುಮುಖದಲ್ಲೇ ಅವಳನ್ನು ನೋಡುತ್ತಿದ್ದರು. ಆಮೇಲೆ ಹೆಂಡತಿಯ ಕಡೆ ನೋಡಿದರು. ಆಕೆ ನೆಲ ನೋಡಿದರು. ಮೇಷ್ಟ್ರು ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು.

ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ, ಎಷ್ಟು ವರ್ಷದಿಂದ ಎಂದು ಕೇಳಿದರು. ಗೊತ್ತಿಲ್ಲ, ತಾನು ಬಂದಾಗಿನಿಂದಲಂತೂ ಇದೆ ಎಂದಳು.

"ನೀನು ಕೇಳಿದ್ದೆ," ಎಂದರು ಮೇಷ್ಟ್ರು. "ನಾನು ಹುಳ ಅಂದೆ."

ಅವಳಿಗೆ ತಡೆಯಲಾಗಲಿಲ್ಲ. ಎದೆ ಒಡೆದು ಅಳು ಬಂತು. ಅವರ ಹೆಂಡತಿ ಹತ್ತಿರ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟರು. ಮೇಷ್ಟ್ರು ಮೇಜಿನ ಮೇಲಿನ ಹಾಳೆಗಳನ್ನು ಒಂದೊಂದಾಗಿ ಜೋಡಿಸಿ, ಅಂಚು ಸರಿಮಾಡಿ, ಅವಳ ಕಡೆ ಸರಿಸಿದರು. ಹಕ್ಕಿ ಬದುಕಿದೆಯಲ್ಲ, ಅಳುವುದೇಕೆ ಎಂದರು. ಮೇಡಂ ಏನಂದರು ಎಂದು ಕೇಳಿದರು. ಅವಳು ಹೇಳಲಾರದೆ ಹೇಳಿದಳು.

"ಸೋಮವಾರವೇ ಹೋಗಿ ಅವರ ಹತ್ರ ಸೇರ್ಕೋ. ಒಳ್ಳೇ ಗೈಡು ಅವರು," ಎಂದರು. "ನನ್ನ ಲೆಕ್ಕ ಒಂದೂ ಇಟ್ಕೋಬೇಡ. ದಾಕ್ಷಿಣ್ಯ ಮಾಡ್ಬೇಡ, ತಾಯಿ."

ಬೇಡ ಸರ್ ಎನ್ನಲು ಅವಳು ಬಾಯಿ ತೆರೆದಳು. ಆದರೆ ಅವಳಿಗೆ ಡಿಗ್ರಿ ಬೇಕಿತ್ತು. ಬಾಯಿ ಹಾಗೇ ಮುಚ್ಚಿಕೊಂಡಿತು. ಮೇಷ್ಟ್ರು ಅದನ್ನು ಕಂಡು ತಲೆದೂಗಿದರು.

"ಇನ್ನೊಂದು ಸಲ ಹಾಕು, ನೋಡೋಣ."

ಅವಳು ಮೊದಲಿನಿಂದ ಹಾಕಿದಳು. ಅವರು ಎರಡೂ ಕೈಯಿಂದ ಹೆಡ್‌ಫೋನ್ ಒತ್ತಿಕೊಂಡು ಕುಳಿತರು. ಹೊರಗೆ ಸೋರುತ್ತಿದ್ದ ಕೂಗು ಅವಳಿಗೆ ಚೆನ್ನಾಗಿ ಕೇಳುತ್ತಿತ್ತು: ಮೂರು ಸಲ ಚುಚ್ಚಿ, ಸುಮ್ಮನಾಗಿ, ಮತ್ತೆ ಮೂರು ಸಲ. ಕೊನೆಗೆ ನಿಂತಿತು. ರೆಕಾರ್ಡಿಂಗ್ ಅಲ್ಲಿಗೆ ಮುಗಿದಿತ್ತು. ಮೇಷ್ಟ್ರು ಕೂತೇ ಇದ್ದರು.

"ಇನ್ನೂ ಕೂಗ್ತಾ ಇದೆಯಾ?" ಎಂದು ಸ್ವಲ್ಪ ಹೊತ್ತಾದ ಮೇಲೆ ಕೇಳಿದರು.

"ಕೂಗ್ತಾ ಇದೆ ಸರ್," ಎಂದಳು.

ಅವರು ಹೌದೆಂಬಂತೆ ತಲೆಯಾಡಿಸಿ, ಹೆಡ್‌ಫೋನನ್ನು ಇನ್ನಷ್ಟು ಒತ್ತಿಕೊಂಡರು.