ಪುಟ್ಟಲಕ್ಷ್ಮಿ ಜಿಂಬಾಬ್ವೆಗೆ ಹೋದದ್ದು

ಹಾರನಹಳ್ಳಿಯ ನಟರಾಜುವಿಗೆ ಸೊಪ್ಪು ಬೇಯಿಸಿದ್ದಕ್ಕೆ ಬಹುಮಾನ ಬಂತು. ಹೊಗೆಸೊಪ್ಪು ಕೊಳ್ಳುವ ಕಂಪನಿಯವರು ಪಿರಿಯಾಪಟ್ಟಣದಲ್ಲಿ ಶಾಮಿಯಾನ ಹಾಕಿಸಿ, ಶಾಲು ಹೊದಿಸಿ, ಸೊಪ್ಪು ಬೇಯಿಸಿ ಒಣಗಿಸುವ ಇವರ ಬ್ಯಾರನ್ ಮನೆಯಿಂದ ಬಂದಂಥ ಬಂಗಾರದ ಬಣ್ಣದ ಎಲೆ ತಾಲ್ಲೂಕಿನಲ್ಲೇ ಇಲ್ಲ ಎಂದು ಮೈಕಿನಲ್ಲಿ ಹೇಳಿ, ಗಂಡಹೆಂಡಿರಿಬ್ಬರಿಗೂ ಜಿಂಬಾಬ್ವೆಗೆ ಹತ್ತು ದಿನದ ಪ್ರವಾಸ ಕೊಟ್ಟರು.

ಶಾಲು ಹೊದ್ದವನು ನಟರಾಜು. ಸೊಪ್ಪು ಬೇಯಿಸಿದವಳು ಅವನ ಹೆಂಡತಿ ಪುಟ್ಟಲಕ್ಷ್ಮಿ. ಹೊಲ ಉಳುವುದು, ಗೊಬ್ಬರ ತರುವುದು, ಹರಾಜಿಗೆ ಸೊಪ್ಪಿನ ಬೇಲು ಒಯ್ಯುವುದು ಅವನದು. ಎಲೆ ತುಂಬಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಬ್ಯಾರನ್ ಮುಂದೆ ಕೂತು, ಯಾವಾಗ ಉರಿ ಏರಿಸಬೇಕು, ಯಾವಾಗ ತಡೆಯಬೇಕು ಎಂದು ನೋಡುವುದು ಅವಳದು. ಹದಿನೈದು ವರ್ಷದಿಂದ ಹೀಗೇ. ಊರಿನ ಬಾಯಲ್ಲಿ ಮಾತ್ರ ಅದು ನಟರಾಜಣ್ಣನ ಕೈಗುಣ. ಪುಟ್ಟಲಕ್ಷ್ಮಿಗೆ ಶಾಲಿನ ಆಸೆ ಇರಲಿಲ್ಲ. ‘ಬೇಯಿಸೋಳು ನನ್ನ ಹೆಂಡತಿ’ ಎಂದು ಅವನು ನಾಲ್ಕು ಜನರ ಮುಂದೆ ಒಂದೇ ಒಂದು ಸಲ ಅಂದಿದ್ದರೆ ಸಾಕಿತ್ತು. ಅವನು ಅನ್ನಲಿಲ್ಲ. ಅನ್ನಬೇಕೆಂದು ಹೊಳೆಯಲೂ ಇಲ್ಲವೋ ಏನೋ. ಗಂಡಸರಿಗೆ ಕೆಲವು ವಿಷಯ ಹೊಳೆಯುವುದು ನಿಧಾನ.

ತೊಂಬತ್ತೆಂಟನೇ ಇಸವಿ ಮಾರ್ಚಿನಲ್ಲಿ ವಿಮಾನ ಹತ್ತಿದರು. ಸೊಂಟಕ್ಕೆ ಬೆಲ್ಟು ಬಿಗಿದುಕೊಳ್ಳುತ್ತ ನಟರಾಜು ಹೇಳಿದ: “ಅಲ್ಲಿ ದೊಡ್ಡೋರೆಲ್ಲ ಇರ್ತಾರೆ. ನೀನು ಬಾಯ್ ಬುಡಬ್ಯಾಡ ಕಣಮ್ಮಿ.”

“ನಂಗೆ ಬರೋದು ಕನ್ನಡ. ಬುಟ್ರೂ ಯಾರ್ಗೆ ಅರ್ತ ಆದಾತು?” ಎಂದಳು. ಮಾತು ತಮಾಷೆಯದು, ಆದರೆ ಮುಖ ತಿರುಗಿಸಿಕೊಂಡು ತನ್ನ ಬೆಲ್ಟು ಬಿಗಿದುಕೊಂಡಳು.

ಇಳಿದ ಮೇಲೆ ನಟರಾಜು ಕಂಡದ್ದು ಟ್ರ್ಯಾಕ್ಟರು, ರಸ್ತೆ, ಕಣ್ಣು ಹಾಯುವವರೆಗೂ ಒಬ್ಬನದೇ ಹೊಲ. ಪುಟ್ಟಲಕ್ಷ್ಮಿ ಮೊದಲು ಮಣ್ಣು ನೋಡಿದಳು. ಹುಣಸೂರಿನ ಕಡೆಯ ಕೆಂಪು ಮಣ್ಣೇ. ಆಮೇಲೆ ಜನರನ್ನು ನೋಡಿದಳು. ಅಲ್ಲಿಯ ಹೆಂಗಸರು ಕೂಸನ್ನು ಬೆನ್ನಿಗೆ ಟವೆಲಿನಲ್ಲಿ ಕಟ್ಟಿಕೊಂಡು ಎರಡೂ ಕೈಯಲ್ಲಿ ಕೆಲಸ ಮಾಡುತ್ತಿದ್ದರು. ಕಂಕುಳಲ್ಲಿ ಎತ್ತಿಕೊಂಡು ಒಂದು ಕೈಯನ್ನು ದಂಡ ಮಾಡಿಕೊಳ್ಳುವ ನಮಗೆ ಇದು ಯಾಕೆ ತಿಳಿಯಲಿಲ್ಲ ಎಂದುಕೊಂಡಳು. ಒಂದು ಲೋಟ ನೀರು ಕೊಟ್ಟರೂ ಅಂಗೈ ಬಾಗಿಸಿ ಎರಡು ಸಲ ಚಪ್ಪಾಳೆ ತಟ್ಟಿ, ಆಮೇಲೆ ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿದ್ದರು. ಅದು ಅವಳಿಗೆ ಬಹಳ ಹಿಡಿಸಿತು. ಎರಡನೇ ದಿನದಿಂದ ತಾನೂ ತಟ್ಟತೊಡಗಿದಳು.

ಒಂದು ಹಳ್ಳಿಯಲ್ಲಿ ಊಟಕ್ಕೆ ಕೂರಿಸಿದರು. ತಟ್ಟೆಯಲ್ಲಿ ಮುಸುಕಿನ ಜೋಳದ ಬಿಳೀ ಮುದ್ದೆ! ನಟರಾಜುವಿಗೆ ಹೋದ ಜೀವ ಬಂದಂತಾಯಿತು. ಸೊಪ್ಪಿನ ಪಲ್ಯದಲ್ಲಿ ಅದ್ದಿ, ಮನೆಯಲ್ಲಿ ನುಂಗುವ ಹಾಗೆ ಗುಳುಂ ಎಂದು ನುಂಗಿದ. ಅಲ್ಲಿಯವರು ಮುದ್ದೆಯನ್ನು ಅಗಿದು ತಿನ್ನುತ್ತಾರೆ. ಇವನ ಗಂಟಲಿಗೆ ಸಿಕ್ಕಿಕೊಂಡಿತೆಂದು ಬಡಿಸುತ್ತಿದ್ದ ಹೆಂಗಸು ಗಾಬರಿಯಿಂದ ನೀರು ತಂದಳು. ತಂದವಳು ಮಂಡಿಯೂರಿ ಕೊಟ್ಟಳು. ಗಂಡಸರಿಗೆ ಹಾಗೆ ಕೊಡುವುದು ಅಲ್ಲಿಯ ಮರ್ಯಾದೆ.

“ನೋಡ್ಕಳಮ್ಮಿ,” ಎಂದ ನಟರಾಜು.

“ನೋಡ್ದೆ. ನೀರು ಕುಡೀರಿ ಮೊದ್ಲು.”

ಆರನೇ ದಿನ ಒಂದು ದೊಡ್ಡ ತೋಟಕ್ಕೆ ಕರೆದೊಯ್ದರು. ಸಾಲಾಗಿ ಇಪ್ಪತ್ತು ಬ್ಯಾರನ್. ತೋಟದ ಯಜಮಾನ ಬಿಳಿಯ, ನಗುಮುಖದವನು. ಜೊತೆಗೆ ಬಂದಿದ್ದ ಕಂಪನಿಯ ಆಫೀಸರ್ ಅವನ ಇಂಗ್ಲಿಷನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದ. ಪ್ರವಾಸದಲ್ಲಿದ್ದ ಇನ್ನೂ ಹತ್ತು ಮಂದಿ ರೈತರು ಸುತ್ತ ನಿಂತಿದ್ದರು. ಬಹುಮಾನದ ಮಾತು ಕೇಳಿ ಯಜಮಾನ ಒಂದು ಬ್ಯಾರನ್ ಬಾಗಿಲು ತೆಗೆಸಿದ. “ಇವತ್ತಿಗೆ ಇದು ನಿಮ್ಮದು. ಉರಿ ಏರಿಸಲೋ, ಕಾಯಲೋ? ನೀವು ಹೇಳಿದ ಹಾಗೆ.”

ನಟರಾಜು ಒಳಗೆ ಇಣುಕಿದ. ಎಲೆಗಳ ತುದಿ ಹಳದಿಯಾಗಿತ್ತು. ಗಂಟಲು ಸರಿಮಾಡಿಕೊಂಡು, “ಏರ್ಸಿ,” ಎಂದ.

ಪುಟ್ಟಲಕ್ಷ್ಮಿಗೆ ಬಾಗಿಲಿನಿಂದ ಬಂದ ವಾಸನೆಯಲ್ಲೇ ತಿಳಿಯಿತು. ಇನ್ನೂ ಹಸಿ ವಾಸನೆ. ಹಣ್ಣಿನ ವಾಸನೆ ಬಂದಿಲ್ಲ. ಈಗ ಉರಿ ಏರಿಸಿದರೆ ಹಸಿರು ಅಲ್ಲೇ ಕಚ್ಚಿಕೊಂಡು ಇಡೀ ಬ್ಯಾರನ್ ಕಸಕ್ಕೆ. ಒಲೆಯ ಪಕ್ಕದಲ್ಲಿ ಬೆಂಕಿ ನೋಡಿಕೊಳ್ಳುವ ಕರಿಯ ಮುದುಕನೊಬ್ಬ ಕಲ್ಲಿದ್ದಲಿನ ಸಲಿಕೆ ಹಿಡಿದು ನಿಂತಿದ್ದ. ಯಜಮಾನ ಸನ್ನೆ ಮಾಡಿದರೂ ಅವನು ತಕ್ಷಣ ಬಗ್ಗಲಿಲ್ಲ, ನೆಲ ನೋಡುತ್ತಿದ್ದ. ಇವನಿಗೂ ಗೊತ್ತು, ಬಾಯಿ ಬಿಡಲಾರ ಎಂದು ಅವಳಿಗೆ ಅರ್ಥವಾಯಿತು. ಹದಿನೈದು ವರ್ಷ ಅದೇ ನಿಲುವಿನಲ್ಲಿ ನಿಂತವಳಿಗೆ ಅರ್ಥವಾಗದೆ ಇರುತ್ತದೆಯೇ? ಮುದುಕ ಕೊನೆಗೆ ಸಲಿಕೆ ಎತ್ತಿದ.

“ತಡೀರಿ!” ಎಂದಳು ಪುಟ್ಟಲಕ್ಷ್ಮಿ.

ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ಕೆಳಸಾಲಿನ ಒಂದು ಎಲೆ ಕಿತ್ತು ತಂದಳು. ಎಲ್ಲರ ಮುಂದೆ ಅದರ ನಡುನರ ಬಗ್ಗಿಸಿದಳು. ಬಳುಕಬೇಕಾದದ್ದು ಲಟ್ಟೆಂದು ಮುರಿಯಿತು. “ನೋಡಿ, ಇನ್ನೂ ನೀರೈತೆ. ನರದ ಸುತ್ತ ಹಸಿರೈತೆ. ನಾಳೆ ಬೆಳಗ್ಗೆ ಗಂಟ ಮುಟ್ಟಬ್ಯಾಡಿ ಅನ್ನಿ ಅವರ್ಗೆ.”

ಆಫೀಸರ್ ತಡವರಿಸುತ್ತ ಹೇಳಿದ. ಯಜಮಾನ ಮುದುಕನ ಕಡೆ ನೋಡಿದ. ಮುದುಕ ತಲೆಯಾಡಿಸಿ, ಸಲಿಕೆ ಕೆಳಗಿಟ್ಟು, ಅವಳ ಕಡೆ ತಿರುಗಿ ಎರಡು ಸಲ ಚಪ್ಪಾಳೆ ತಟ್ಟಿದ.

ಬಸ್ಸಿನಲ್ಲಿ ನಟರಾಜು ಕಿಟಕಿಯ ಕಡೆ ಮುಖ ಮಾಡಿ ಕೂತ. “ಅಷ್ಟು ಜನದ ಮುಂದೆ ಮಾನ ಕಳದೆ,” ಎಂದ ಕೊನೆಗೆ.

“ಯಾರೋ ಬೆಳದ ಸೊಪ್ಪು ಕೆಟ್ಟೋಗದ ನೋಡ್ಕಂಡು ಸುಮ್ಕಿರಾಕಾತದಾ?” ಎಂದಳು. ಅಷ್ಟೇ.

ಊರಿಗೆ ಬಂದ ಸಾಯಂಕಾಲ ಜಗಲಿ ತುಂಬ ಜನ. ನಟರಾಜು ಟ್ರ್ಯಾಕ್ಟರಿನ ಕಥೆ ಹೇಳಿದ, ಬಿಳೀ ಮುದ್ದೆಯ ಕಥೆ ಹೇಳಿದ, ಕೊನೆಗೆ ಬ್ಯಾರನ್ ಕಥೆಗೆ ಬಂದ. “ಆ ದೊರೆ ಕೇಳ್ದ, ಏರ್ಸನಾ ಅಂತ. ನಾನು ಸೀದಾ ಒಳೀಕ್ ಓಗಿ ಎಲೆ ಕಿತ್ತೆ. ಬಗ್ಸಿದ್ರೆ ಲಟ್ ಅಂತು!”

ಪುಟ್ಟಲಕ್ಷ್ಮಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಿಂದಾಗಿದ್ದರೆ ಲೋಟ ಕೊಟ್ಟು ಒಳಗೆ ಹೋಗುತ್ತಿದ್ದಳು. ಪರದೇಶದಲ್ಲಿ ಬಿಟ್ಟ ಬಾಯನ್ನು ಸ್ವಂತ ಊರಿನಲ್ಲಿ ಮುಚ್ಚುವುದು ಹೇಗೆ?

“ಎಲೆ ಮುರ್ದಿದ್ದು ನಾನು. ಇವ್ರು ಏರ್ಸಿ ಅಂದಿದ್ರು,” ಎಂದಳು.

ನಟರಾಜು ಕಾಫಿ ಲೋಟ ತೆಗೆದುಕೊಂಡು ಅದರೊಳಗೇ ನೋಡತೊಡಗಿದ. ಪಕ್ಕದ ಹೊಲದ ಮುದ್ದಯ್ಯನಿಗೆ ಆ ವರ್ಷ ಎರಡು ಬ್ಯಾರನ್ ಹಸಿರು ಕಚ್ಚಿ ಹೋಗಿತ್ತು. ಅವನಿಗೆ ಮಾನದ ಮಾತಿಗಿಂತ ಸೊಪ್ಪಿನ ಮಾತು ಮುಖ್ಯ. ಅಭ್ಯಾಸಬಲದಿಂದ ನಟರಾಜುವನ್ನೇ ಕೇಳಿದ: “ಅಂಗಾರೆ ನಂದೂ ಅಂಗೇ ಆಗಿರಬೇಕಲ್ವಾ ನಟ್ರಾಜಣ್ಣ? ಎಷ್ಟು ದಿನ ಕಾಯ್ಬೇಕಿತ್ತು?”

ನಟರಾಜು ರೇಗಿದ. “ನನ್ನೇನ್ಲಾ ಕೇಳೀಯೆ? ನಂಗೇನ್ ಗೊತ್ತು? ಅದಿನೈದು ವರ್ಸದಿಂದ ಬೇಯ್ಸೋಳು ಅವಳು. ಅವಳ್ನ ಕೇಳು!”

ರೇಗಿಯೇ ಅಂದ, ಆದರೆ ಅಂದ. ನಾಲ್ಕಲ್ಲ, ಹನ್ನೆರಡು ಜನರ ಮುಂದೆ. ಪುಟ್ಟಲಕ್ಷ್ಮಿಗೆ ಕಣ್ಣು ತುಂಬಿ ಬಂತು. ಕಾಫಿ ತಟ್ಟೆಯನ್ನು ನೆಲದ ಮೇಲಿಟ್ಟು, ಗಂಡಸರು ಕೂರುವ ಆ ಜಗಲಿಯ ಅಂಚಿನಲ್ಲಿ ಕೂತಳು.

“ನಡುನರ ಮುರ್ದು ನೋಡ್ದಾ ಮುದ್ದಯ್ಯ?” ಎಂದು ಕೇಳಿದಳು.