ಬಾಯಿ ಮುಚ್ಚದ ಸಿಂಪಿ

ಅಡುಗೆಗೆ ತರುವ ಸಮುದ್ರದ ಸಿಂಪಿಯ ವಿಷಯದಲ್ಲಿ ಅತ್ತೆಯದು ಒಂದೇ ಹಟ. ಬಾಯಿ ಬಿಟ್ಟುಕೊಂಡ ಚಿಪ್ಪು ಕಂಡರೆ ಚಾಕುವಿನ ಹಿಡಿಯಿಂದ ಒಮ್ಮೆ ತಟ್ಟಬೇಕು. ಒಳಗೆ ಜೀವವಿದ್ದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಸತ್ತಿದೆ ಅಂತ ಅರ್ಥ, ತಕ್ಷಣ ಮನೆಯಿಂದ ಆಚೆ. ಸೊಸೆಗೋ ಯಾವುದನ್ನು ಎಸೆಯಲೂ ಮನಸ್ಸು ಬಾರದು.

"ಇನ್ನೊಂದ್ಸಲ ತಟ್ಟಿ ಅತ್ತೆ, ಪಾಪ, ನಿದ್ದೆ ಮಾಡ್ತಿರಬೇಕು" ಎಂದು ಗೋಗರೆಯುತ್ತಿದ್ದಳು.

"ಅದೇನು ನಿನ್ನ ಗಂಡನಾ, ಮಟಮಟ ಮಧ್ಯಾಹ್ನ ಗೊರಕೆ ಹೊಡೆಯೋಕೆ?" ಎನ್ನುತ್ತ ಅತ್ತೆ ಮುಲಾಜಿಲ್ಲದೆ ಎಸೆದುಬಿಡುತ್ತಿದ್ದಳು. ಎರಡನೇ ಸಲ ತಟ್ಟಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿಲ್ಲ.

ಆ ಗಂಡ ಸಮುದ್ರದ ತಳಕ್ಕೆ ಮುಳುಗಿ ಸಿಂಪಿ ಕಿತ್ತು ತರುವವನು. ಒಂದು ಬಿರುಗಾಳಿಯ ದಿನ ಹೋದವನು ಮರಳಿರಲಿಲ್ಲ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ನೆರೆಯವರು ಆಗಲೇ ಸಮಾಧಾನ ಹೇಳಲು ಶುರು ಮಾಡಿದ್ದರು. ಅವರ ಬಾಯಿಗಿಷ್ಟು ಮಣ್ಣು ಹಾಕ! ಸೊಸೆ ಮಾತ್ರ ಅವನು ಬಂದೇ ಬರುತ್ತಾನೆ ಎಂದು ಪಟ್ಟು ಹಿಡಿದಿದ್ದಳು. ಬೆಣ್ಣೆ ಬೆಳ್ಳುಳ್ಳಿಯ ಘಮ ಮೂಗಿಗೆ ಬಡಿದರೆ ಬೀದಿಯ ಆ ತುದಿಯಿಂದಲೇ ಓಡಿಬರುವ ಆಸಾಮಿ ಅವನು.

ಅದಕ್ಕೇ ಆ ಸಂಜೆ ಅವಳು ಮಾರುಕಟ್ಟೆಯಿಂದ ಸಿಂಪಿ ತಂದಳು. ಅತ್ತೆ ಒಂದೊಂದನ್ನೇ ತಟ್ಟಿ ನೋಡಿ, ಸಂದಿಗೆ ಚಾಕು ತೂರಿಸಿ ಬಿಡಿಸಿಕೊಟ್ಟಳು. ಚಿಪ್ಪು ವಾಲಿ ಒಳಗಿನ ರಸ ಚೆಲ್ಲದಂತೆ ಸೊಸೆ ತಟ್ಟೆಯಲ್ಲಿ ಕಲ್ಲುಪ್ಪು ಹರಡಿ ಅವುಗಳನ್ನು ಕೂರಿಸಿದಳು. ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಣ ಬ್ರೆಡ್ಡಿನ ಪುಡಿ, ಮೆಣಸು, ತುರಿದ ಚೀಸ್ ಕಲಸಿ ಮೇಲೆ ಉದುರಿಸಿದಳು. ಓವನ್ನಿನಲ್ಲಿ ಮೇಲಿನ ಉರಿಗೆ ಇಟ್ಟ ಸ್ವಲ್ಪ ಹೊತ್ತಿಗೆ ಅಂಚುಗಳು ಚುರ್ರೆಂದವು. ಅವಳು ಕಿಟಕಿಯನ್ನು ಪೂರ್ತಿ ತೆರೆದಳು.

ಬಾಗಿಲು ತಳ್ಳಿಕೊಂಡು ಅವನು ಒಳಗೆ ಬಂದ.

ಸದ್ದಿಲ್ಲದೆ ತನ್ನ ಕುರ್ಚಿಯಲ್ಲೇ ಕೂತ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಾನು ಹೇಳ್ಲಿಲ್ವಾ ಅತ್ತೆ! ಬಂದ್ರು ನೋಡಿ!" ಸೊಸೆ ಕುಣಿದಾಡುವುದೊಂದು ಬಾಕಿ. ಓಡಿಹೋಗಿ ಅವನ ಕೈ ಹಿಡಿದಳು. ಆಗಷ್ಟೇ ತೊಳೆದಿಟ್ಟ ಚಿಪ್ಪಿನಷ್ಟು ತಣ್ಣಗಿತ್ತು. "ಏನ್ರೀ ಇದು, ಇಷ್ಟು ತಣ್ಣಗಿದೀರಾ? ಮಾತಾಡ್ರೀ."

ಅವನ ಬಾಯಿ ಅರ್ಧ ತೆರೆದೇ ಇತ್ತು. ಕಣ್ಣು ಓವನ್ನಿನ ಕಡೆಗಿತ್ತು, ರೆಪ್ಪೆ ಮಾತ್ರ ಅಲುಗಲಿಲ್ಲ. ಕುರ್ಚಿಯ ಕೆಳಗೆ ನೀರು ಮಡುಗಟ್ಟಿ ಗೋಡೆಯತ್ತ ಹರಿಯತೊಡಗಿತು. ಒಂದು ಮೈಯಲ್ಲಿ ಅಷ್ಟೊಂದು ನೀರು ಎಲ್ಲಿತ್ತೋ! ಅವಳು ಹಿಡಿದಿದ್ದ ಕೈ ಬಿಟ್ಟಳು.

ಅತ್ತೆ ಎದ್ದು ಬಂದಳು. ಕೈಯಲ್ಲಿ ಚಾಕು ಹಾಗೇ ಇತ್ತು. ಮಗನ ಮುಖವನ್ನು ನೋಡಿದಳು, ಆ ತೆರೆದ ಬಾಯನ್ನು ನೋಡಿದಳು. ಆಮೇಲೆ ಚಾಕುವನ್ನು ತಿರುಗಿಸಿ ಹಿಡಿದು, ಅವನ ಕೈ ಪಕ್ಕದಲ್ಲಿ ಮೇಜಿನ ಮೇಲೆ ತಟ್ಟಿದಳು.

"ಬೇಡ ಅತ್ತೆ, ಬೇಡ" ಎಂದು ಸೊಸೆ ಕೈ ಅಡ್ಡ ಚಾಚಿದಳು. ಈಗ ಅತ್ತೆ ಇವರನ್ನೂ ಆಚೆ ಹಾಕಿಬಿಡ್ತಾರೆ ಎಂದುಕೊಂಡಳು.

ಬಾಯಿ ಮುಚ್ಚಲಿಲ್ಲ.

ಅತ್ತೆ ಇನ್ನೊಂದು ಸಲ ತಟ್ಟಿದಳು. ಮತ್ತೊಂದು ಸಲ. ತಟ್ಟುತ್ತಲೇ ಇದ್ದಳು, ಅವನು ಹಾಗೇ ಬಾಯಿ ಬಿಟ್ಟುಕೊಂಡು ಕೂತೇ ಇದ್ದ. ಕೊನೆಗೆ ಚಾಕು ಕೆಳಗಿಟ್ಟಳು.

"ಮುಚ್ಕೊಂಡ" ಎಂದಳು.

"ಅತ್ತೆ..."

"ಮುಚ್ಕೊಂಡ ಕಣಮ್ಮ. ನಾನು ನೋಡಿದ್ನಲ್ಲ. ಬಿಸಿ ಆರೋದ್ರೊಳಗೆ ಬಡಿಸು, ನನ್ನ ಮಗ ಹಸ್ಕೊಂಡು ಬಂದಿದಾನೆ."

ಸೊಸೆ ಅವನ ಮುಂದೆ ತಟ್ಟೆ ಇಟ್ಟಳು. ಆಮೇಲೆ ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.